ಮುಷ್ಟಿ ದ್ರಾಕ್ಷಿಯ ಮೇಡಂ

ದ್ರಾಕ್ಷಿ ಹುಳಿಯಿರಬಹುದಿತ್ತು. ಸಿಹಿಯೇ ಇದ್ದರೆ ನಮ್ಮ ಸೊಸೈಟಿಯ ಸಕ್ಕರೆ ಕಾಯಿಲೆಯವರೆಲ್ಲ, ಅಂದರೆ ಹೆಚ್ಚುಕಡಿಮೆ ಅರ್ಧ ಸೊಸೈಟಿ, ಎರಡೆರಡು ಸಲ ತಿಂದು ಸಂಜೆ ನನ್ನ ಮನೆಯ ಬಾಗಿಲು ಬಡಿಯಬಹುದಿತ್ತು. ಸರಿಯಾಗಿ ತೊಳೆಯದೆ ಯಾರದಾದರೂ ಹೊಟ್ಟೆ ಕೆಡಬಹುದಿತ್ತು. ಅತಿಯಾಗಿ ತೊಳೆದು ಹಣ್ಣೇ ಮೆತ್ತಗಾಗಬಹುದಿತ್ತು. ಮೂರನೆಯ ಮಹಡಿಯ ಎರಡು ವರ್ಷದ ಮಗು ಇಡೀ ಹಣ್ಣನ್ನು ಬಾಯಿಗೆ ಹಾಕಿಕೊಂಡು ಗಂಟಲಿಗೆ ಸಿಕ್ಕಿಸಿಕೊಳ್ಳಬಹುದಿತ್ತು. ಸೆಕ್ರೆಟರಿ ಸಾಹೇಬರ ನಾಯಿ ಕೆಳಗೆ ಬಿದ್ದದ್ದನ್ನು ತಿನ್ನಬಹುದಿತ್ತು; ನಾಯಿಗೆ ದ್ರಾಕ್ಷಿ ಆಗಿಬರುವುದಿಲ್ಲ, ಮೂತ್ರಪಿಂಡಕ್ಕೇ ಏಟು. ಮೈಕು ಕೈಕೊಡಬಹುದಿತ್ತು. ಮೈಕು ಸರಿಯಿದ್ದು ನಾನು ಕೈಕೊಡಬಹುದಿತ್ತು. ಮಾತಾಡಲು ನಿಂತವನು ಅತ್ತುಬಿಡಬಹುದಿತ್ತು. ಅಳು ಬರುತ್ತದೆಂದು ಎಲ್ಲರೂ ಕಾದು, ಅದು ಬರದೆಯೂ ಹೋಗಬಹುದಿತ್ತು. ವಾಕರ್ ಹಿಡಿದೇ ಬರುತ್ತೇನೆಂದು ಹಟ ಹಿಡಿದಿದ್ದ ಅಮ್ಮ ಹಾಲ್‌ನ ಹೊಸ್ತಿಲಲ್ಲಿ ಎಡವಬಹುದಿತ್ತು. ಎಡವದೆ ಒಳಗೆ ಬಂದು, ಕುರ್ಚಿಯಲ್ಲಿ ಕುಳಿತು, ಹನ್ನೆರಡು ದಿನದಿಂದ ಮನೆಯಲ್ಲಿ ಮಾಡುತ್ತಿದ್ದಂತೆ ಇಲ್ಲೂ ಕೊಟ್ಟದ್ದನ್ನು ಪಕ್ಕಕ್ಕೆ ಸರಿಸಿಬಿಡಬಹುದಿತ್ತು.

ಈ ಕೊನೆಯದೇ ನಿಜವಾದ ಭಯ. ಮಿಕ್ಕವು ಅದರ ಮೇಲೆ ಹೊದಿಸಿದ ಹೊದಿಕೆಗಳು. ನನ್ನಂಥವರ ಅಭ್ಯಾಸವೇ ಅದು: ದೊಡ್ಡದೊಂದು ಬಂದು ಎದುರಿಗೆ ಕುಳಿತಾಗ ಅದರ ಮುಖ ನೋಡಲಾರದೆ ಸುತ್ತಮುತ್ತಲಿನ ಹತ್ತು ಚಿಲ್ಲರೆ ಚಿಂತೆಗಳನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತೇವೆ.

ನಡೆಯಬೇಕಿದ್ದದ್ದು ಇಷ್ಟೇ. ಫೆಬ್ರವರಿಯ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ, ದಿಲ್ಲಿಯ ಮಯೂರ್ ವಿಹಾರದ ನಮ್ಮ ಫ್ಲ್ಯಾಟ್ ಸೊಸೈಟಿಯವರೆಲ್ಲ ಹಾಲ್‌ನಲ್ಲಿ ಸೇರಿ, ನೆಲಮಹಡಿಯ ಮೇಡಂ ಅವರನ್ನು ಒಂದು ಗಂಟೆ ನೆನೆಯುವುದು. ಅವರು ತೀರಿಕೊಂಡು ಹನ್ನೆರಡು ದಿನವಾಗಿತ್ತು. ಮದುವೆಯಾಗಿರಲಿಲ್ಲ, ಗುರುಗ್ರಾಮದಲ್ಲಿರುವ ತಂಗಿಯ ಮಗಳು ಮಾಡಬೇಕಾದ ಕಾರ್ಯಗಳನ್ನೆಲ್ಲ ಮಾಡಿ ಮುಗಿಸಿದ್ದಳು. ಮೇಡಂ ಅವಳಿಗೆ ಮೊದಲೇ ಹೇಳಿಟ್ಟಿದ್ದರಂತೆ: ನನ್ನ ಹೆಸರಲ್ಲಿ ಸಮೋಸ ಹಂಚಬೇಡ, ದ್ರಾಕ್ಷಿ ಕಾಲವಾಗಿದ್ದರೆ ದ್ರಾಕ್ಷಿ ಕೊಡು, ಇಲ್ಲದಿದ್ದರೆ ಒಂದೊಂದು ಲೋಟ ನೀರು ಕೊಟ್ಟು ಕಳಿಸು. ಆ ಹುಡುಗಿ ದ್ರಾಕ್ಷಿಯ ಹೊಣೆಯನ್ನು ನನಗೆ ವಹಿಸಿದಳು. ಸಮೋಸವಿಲ್ಲದ ಸಭೆಯನ್ನು ಜನ್ಮದಲ್ಲಿ ಕಂಡಿರದ ಸೆಕ್ರೆಟರಿ ಸಾಹೇಬರು ಎರಡು ಸಲ ಫೋನು ಮಾಡಿ, ದ್ರಾಕ್ಷಿಯ ಜೊತೆಗೆ ಸಣ್ಣದೊಂದು ಸಮೋಸ ಇಟ್ಟರೆ ಆತ್ಮಕ್ಕೇನು ತೊಂದರೆ ಎಂದು ವಿಚಾರಿಸಿದರು. ಆತ್ಮದ ವಿಷಯ ಗೊತ್ತಿಲ್ಲ, ಮೇಡಂಗೆ ತೊಂದರೆಯಾಗುತ್ತದೆ ಎಂದೆ.

ಹನ್ನೊಂದು ವರ್ಷದ ಹಿಂದೆ ಅವರನ್ನು ಮೊದಲು ಕಂಡದ್ದೂ ದ್ರಾಕ್ಷಿಯ ಎದುರಿನಲ್ಲೇ. ನಾವು ಆಗಷ್ಟೇ ಈ ಸೊಸೈಟಿಗೆ ಬಂದಿದ್ದೆವು. ಗೇಟಿನ ಹೊರಗೆ ನಿಲ್ಲುವ ಹಣ್ಣಿನ ಗಾಡಿಯ ಮುಂದೆ ನಾನೊಂದು ಗೊಂಚಲನ್ನು ಬಿಸಿಲಿಗೆ ಹಿಡಿದು, ಹಣ್ಣಿನ ಮೇಲಿದ್ದ ಬಿಳಿ ಪುಡಿ ಯಾವ ಮದ್ದು ಎಂದು ಗಾಡಿಯ ಭಯ್ಯಾನ ವಿಚಾರಣೆ ನಡೆಸುತ್ತಿದ್ದೆ. ಅವನು ಮೂರು ಸಲ ‘ಕುಛ್ ನಹೀಂ ಹೈ ಸಾಬ್’ ಎಂದು, ನಾಲ್ಕನೆಯ ಸಲ ಸುಮ್ಮನಾದ. ಆ ಮೌನ ನನಗೆ ತಪ್ಪೊಪ್ಪಿಗೆಯ ಹಾಗೆ ಕೇಳಿಸಿತು. ಹೆಂಡತಿಗೆ ಫೋನು ಮಾಡಿ, ದ್ರಾಕ್ಷಿ ತರುವುದಿಲ್ಲ, ವಿಷ ಹೊಡೆದಿದ್ದಾರೆ ಎಂದೆ. ಬೆನ್ನ ಹಿಂದಿನಿಂದ ಕನ್ನಡದಲ್ಲಿ ಒಂದು ದನಿ ಬಂತು.

“ಅದು ವಿಷ ಅಲ್ಲಪ್ಪ. ಹಣ್ಣು ತಾನೇ ಮೈಗೆ ಹಚ್ಚಿಕೊಂಡಿರೋ ಮೇಣ. ಒಳಗಿನ ನೀರು ಆರಬಾರದು ಅಂತ. ಅದು ಇದೆ ಅಂದ್ರೆ ಹಣ್ಣು ತಾಜಾ ಇದೆ, ಜಾಸ್ತಿ ಜನ ಮುಟ್ಟಿಲ್ಲ ಅಂತ. ಮದ್ದು ಹೊಡೆದಿದ್ರೆ ಕಣ್ಣಿಗೆ ಕಾಣಲ್ಲ. ಅದಕ್ಕೇ ತೊಳೀಬೇಕು, ನಲ್ಲಿ ಕೆಳಗೆ, ತಿನ್ನೋ ಮುಂಚೆ. ಫ್ರಿಜ್ಜಿಗೆ ಇಡೋ ಮುಂಚೆ ಅಲ್ಲ.”

ತಿರುಗಿ ನೋಡಿದರೆ ಕಾಟನ್ ಸೀರೆ, ಕಾಲಿಗೆ ಓಡುವವರ ಬೂಟು, ಮಣಿಕಟ್ಟಿನ ಒಳಬದಿಗೆ ಕಟ್ಟಿದ ಗಡಿಯಾರ. ಅರ್ಧ ನಿಮಿಷದಲ್ಲಿ ನನ್ನ ಒಂದು ಭಯವನ್ನು ಕಳೆದು, ಕಣ್ಣಿಗೆ ಕಾಣದ ಮದ್ದು ಎಂಬ ಇನ್ನೂ ದೊಡ್ಡದೊಂದನ್ನು ಕೊಟ್ಟು, ಅವರು ತಮ್ಮ ಗೊಂಚಲನ್ನು ತೂಗಿಸಿಕೊಂಡು ಹೊರಟುಹೋದರು.

ಅವರ ಕನ್ನಡ ಕೇಳಿ ಈಗಷ್ಟೇ ಊರಿನಿಂದ ಬಂದವರು ಎಂದುಕೊಂಡಿದ್ದೆ. ಆಮೇಲೆ ತಿಳಿಯಿತು, ಹುಟ್ಟಿದ್ದೇ ದಿಲ್ಲಿಯಲ್ಲಿ. ತಂದೆ ಕೇಂದ್ರ ಸರ್ಕಾರದಲ್ಲಿ ಗುಮಾಸ್ತರು, ಸರೋಜಿನಿ ನಗರದ ಕ್ವಾರ್ಟರ್ಸಿನಲ್ಲಿ ಬಾಲ್ಯ. ತಂದೆ ರೈಲಿನಲ್ಲಿ ತಂದ ಕನ್ನಡವನ್ನೇ ಅವರು ಜೋಪಾನವಾಗಿ ಆಡುತ್ತಿದ್ದರು. ಆಮೇಲೆ ಹೊಸ ಸರಕು ಬಂದಿರಲಿಲ್ಲ. ಆ ಕ್ವಾರ್ಟರ್ಸಿನ ಹಿತ್ತಿಲಲ್ಲಿ ಒಂದು ದ್ರಾಕ್ಷಿ ಬಳ್ಳಿಯಿತ್ತಂತೆ. ಜೂನಿನ ಉರಿಬಿಸಿಲಲ್ಲಿ ಸಣ್ಣ ಸಣ್ಣ ಕಾಯಿ, ಬಾಯಿಗಿಟ್ಟರೆ ಕಣ್ಣು ಮುಚ್ಚುವಷ್ಟು ಹುಳಿ. ದ್ರಾಕ್ಷಿ ತಿಂದರೆ ಶೀತವಾಗುತ್ತದೆ ಎಂದು ತಾಯಿ ಗದರುತ್ತಿದ್ದರೆ, ಇವರು ಬಳ್ಳಿಯ ಕೆಳಗೆ ಕುಳಿತು ತಿಂದು, ಶೀತ ಬರುತ್ತದೋ ಇಲ್ಲವೋ ಎಂದು ಕಾಯುತ್ತಿದ್ದರಂತೆ. “ಬರಲಿಲ್ಲ. ಅವತ್ತಿಂದ ತಿನ್ನೋದರ ಬಗ್ಗೆ ಯಾರು ಏನು ಹೇಳಿದ್ರೂ ಒಂದು ಸಲ ಕಾದು ನೋಡೋದು ಅಭ್ಯಾಸ ಆಯ್ತು,” ಎನ್ನುತ್ತಿದ್ದರು.

ಮೂವತ್ತು ಚಿಲ್ಲರೆ ವರ್ಷ ಅವರು ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಪಥ್ಯದ ಊಟ ನೋಡಿಕೊಳ್ಳುತ್ತಿದ್ದರು. ಸೊಸೈಟಿಯವರೆಲ್ಲ ಡಾಕ್ಟರ್ ಆಂಟಿ ಎಂದು ಕರೆದರೆ ಅವರಿಗೆ ಸಿಟ್ಟು ಬರುತ್ತಿತ್ತು. ನಾನು ಡಾಕ್ಟರ್ ಅಲ್ಲ, ಅಡುಗೆಮನೆಯವಳು ಎಂದು ತಿದ್ದುತ್ತಿದ್ದರು. ಅದು ಅಕ್ಷರಶಃ ನಿಜ. ಆಸ್ಪತ್ರೆಯಲ್ಲಿ ಅವರ ಮೇಜು ಇದ್ದದ್ದು ಅಡುಗೆಮನೆಯ ಮೂಲೆಯಲ್ಲಿ, ತಟ್ಟೆ ತೊಳೆಯುವ ತೊಟ್ಟಿಯ ಪಕ್ಕದಲ್ಲಿ. ಅದನ್ನು ಅವರೇ ಕೇಳಿ ಹಾಕಿಸಿಕೊಂಡಿದ್ದರಂತೆ. ವಾರ್ಡಿಗೆ ಹೋಗುವ ತಟ್ಟೆಯನ್ನು ಎಲ್ಲರೂ ನೋಡುತ್ತಾರೆ, ವಾಪಸು ಬರುವ ತಟ್ಟೆಯನ್ನು ಯಾರೂ ನೋಡುವುದಿಲ್ಲ ಎಂಬುದು ಅವರ ದೂರು. ಯಾವ ಹಾಸಿಗೆಯ ತಟ್ಟೆಯಲ್ಲಿ ದಾಲ್ ಮುಟ್ಟದೆ ಬಂದಿದೆ, ಯಾರು ರೊಟ್ಟಿಯ ಅಂಚು ಬಿಟ್ಟು ನಡುವನ್ನಷ್ಟೇ ತಿಂದಿದ್ದಾರೆ, ಅಂದರೆ ಯಾರ ಹಲ್ಲು ನೋಯುತ್ತಿದೆ, ಯಾರು ಯಾರಿಗೂ ಹೇಳದೆ ಪಕ್ಕದ ಹಾಸಿಗೆಯವರಿಗೆ ಊಟ ದಾಟಿಸುತ್ತಿದ್ದಾರೆ, ಎಲ್ಲವನ್ನೂ ಅವರು ಎಂಜಲಿನಿಂದ ಓದುತ್ತಿದ್ದರು. ಕೆಲಸ ಕಲಿಯಲು ಬಂದ ಹುಡುಗಿಯರಿಗೆ ಮೊದಲ ತಿಂಗಳು ಪುಸ್ತಕ ಮುಟ್ಟಲು ಬಿಡದೆ ತೊಟ್ಟಿಯ ಪಕ್ಕ ನಿಲ್ಲಿಸುತ್ತಿದ್ದರಂತೆ. “ತಟ್ಟೆ ಸುಳ್ಳು ಹೇಳಲ್ಲ. ರೋಗಿ ಹೇಳ್ತಾನೆ, ಪಾಪ, ಮಗನ ಮುಖ ನೋಡಿ.”

ಇಂಥವರ ನೆರೆಯಲ್ಲಿ ನನ್ನಂಥವನು ಇದ್ದರೆ ಏನಾಗಬೇಕೋ ಅದೇ ಆಯಿತು. ವಾಟ್ಸಾಪಿನಲ್ಲಿ ಬರುವ ಆರೋಗ್ಯದ ಸಂದೇಶಗಳನ್ನೆಲ್ಲ ಆಫೀಸಿನ ಪ್ರಿಂಟರಿನಲ್ಲಿ ಮುದ್ರಿಸಿಕೊಂಡು, ಸಂಜೆ ಪಾರ್ಕಿನ ಬೆಂಚಿನಲ್ಲಿ ಅವರೆದುರು ಹಾಜರುಪಡಿಸುವುದು ನನ್ನ ಕ್ರಮವಾಯಿತು. ನನ್ನನ್ನು ಕಂಡೊಡನೆ ಅವರು “ಬನ್ನಿ ಚಿಂತಾಮಣಿ” ಎಂದು ಬ್ಯಾಗಿನಿಂದ ಕೆಂಪು ಪೆನ್ನು ತೆಗೆಯುತ್ತಿದ್ದರು. ದ್ರಾಕ್ಷಿಯಿಂದ ಕ್ಯಾನ್ಸರ್ ಮಾಯ, ದ್ರಾಕ್ಷಿಯಿಂದ ಹೃದಯ ವಜ್ರ, ದ್ರಾಕ್ಷಿಯಿಂದ ನೆನಪಿನ ಶಕ್ತಿ ಆನೆಯಂತೆ ಎಂಬ ಒಂದು ಹಾಳೆಯನ್ನು ಕೊಟ್ಟಾಗ ಅವರು ಏನನ್ನೂ ಹೊಡೆದುಹಾಕಲಿಲ್ಲ. ಪ್ರತಿ ಸಾಲಿನ ಮುಂದೆ ‘ಎಷ್ಟು?’ ಎಂದು ಬರೆದು ವಾಪಸು ಕೊಟ್ಟರು.

“ಎಷ್ಟು ಅಂತ ಹೇಳದ ಒಳ್ಳೆ ಮಾತು ಅರ್ಧ ಸುಳ್ಳು,” ಎಂದರು.

ಆಮೇಲೆ ಡಬ್ಬಿಯಿಂದ ಒಂದು ಕಪ್ಪು ದ್ರಾಕ್ಷಿ ತೆಗೆದು, ಕೈಯಲ್ಲಿ ಹಿಡಿದು ಅದರ ಜಾತಕ ಹೇಳಿದರು. ನೂರಕ್ಕೆ ಎಂಬತ್ತು ಪಾಲು ಬರೀ ನೀರು. ದಿಲ್ಲಿಯ ಬೇಸಿಗೆ ಶುರುವಾಗುವ ಹೊತ್ತಿಗೆ ಅದೇ ದೊಡ್ಡ ಉಪಕಾರ. ಉಳಿದದ್ದರಲ್ಲಿ ಹೆಚ್ಚಿನ ಪಾಲು ಸಕ್ಕರೆ, ಅದು ಬೇಗ ಮೈಗೆ ಹತ್ತುವ ಸಕ್ಕರೆ, ದಣಿದವನಿಗೆ ಒಳ್ಳೆಯದು, ದಿನವಿಡೀ ಕುರ್ಚಿಯಲ್ಲಿ ಕೂರುವ ನಿಮಗೆ ಅಷ್ಟೇನೂ ಅಲ್ಲ. ಸ್ವಲ್ಪ ನಾರು, ಸ್ವಲ್ಪ ಪೊಟ್ಯಾಸಿಯಂ, ವಿಟಮಿನ್ ಕೆ, ಒಂದಿಷ್ಟು ಸಿ. ಜನ ಇಷ್ಟೊಂದು ಹೊಗಳುವುದು ಯಾವುದನ್ನೆಂದರೆ ಈ ಸಿಪ್ಪೆಯಲ್ಲಿರುವುದನ್ನು, ಕಪ್ಪು ದ್ರಾಕ್ಷಿಯಲ್ಲಿ ಜಾಸ್ತಿ, ರಕ್ತನಾಳಕ್ಕೆ ಒಳ್ಳೆಯದು ಎನ್ನುತ್ತಾರೆ, ಇರಬಹುದು. “ಆದ್ರೆ ಪ್ರಯೋಗದಲ್ಲಿ ಇಲಿಗೆ ಕೊಟ್ಟ ಲೆಕ್ಕದಲ್ಲಿ ನೀವು ತಿನ್ನಬೇಕು ಅಂದ್ರೆ ಆಜಾದ್‌ಪುರದ ಹಣ್ಣಿನ ಮಂಡಿನೇ ತಿನ್ನಬೇಕಾಗುತ್ತೆ. ಸಿಪ್ಪೆ ತೆಗೀಬೇಡಿ, ಜ್ಯೂಸ್ ಮಾಡಬೇಡಿ, ಒಂದು ಮುಷ್ಟಿ ತಿನ್ನಿ. ಅಷ್ಟೇ ವಿದ್ಯೆ.” ಪಕ್ಕದ ಬೆಂಚಿನಿಂದ ಸೆಕ್ರೆಟರಿ ಸಾಹೇಬರು, ಹಾಗಾದರೆ ವೈನ್ ಹೃದಯಕ್ಕೆ ಒಳ್ಳೆಯದಂತಲ್ಲ ಎಂದು ಆಸೆಯಿಂದ ಕೇಳಿದರು. ಆ ಸಿಪ್ಪೆ ಹಣ್ಣಿನಲ್ಲೇ ಪುಕ್ಕಟೆ ಸಿಗುತ್ತಿರುವಾಗ ಬಾಟಲಿಯವರೆಗೂ ಅದನ್ನು ಯಾಕೆ ಓಡಿಸುತ್ತೀರಿ ಎಂದು ಮೇಡಂ ಹಿಂದಿಯಲ್ಲಿ ಕೇಳಿದರು.

ಯಾರ ಮುಷ್ಟಿ ಎಂದು ನಾನು ಕೇಳಿದೆ. ಇದು ಗಂಭೀರ ಪ್ರಶ್ನೆ ಎಂದೇ ನನ್ನ ಭಾವನೆಯಾಗಿತ್ತು. ಅವರವರದ್ದು ಎಂದರು. ದೇವರು ಅಳತೆಯ ಪಾತ್ರೆಯನ್ನು ಮೊದಲೇ ತೋಳಿಗೆ ಕಟ್ಟಿ ಕಳಿಸಿದ್ದಾನೆ, ಮಗುವಿಗೆ ಮಗುವಿನದು, ನಿಮಗೆ ನಿಮ್ಮದು.

ಅವರು ದನಿ ಎತ್ತಿದ್ದನ್ನು ನಾನು ಕೇಳಿದ್ದು ಒಂದೇ ಸಲ. ಪಾರ್ಕಿನಲ್ಲಿ ಯಾರದೋ ಮಗುವಿನ ಹುಟ್ಟುಹಬ್ಬ. ಪುಟ್ಟ ಮಕ್ಕಳ ತಟ್ಟೆಗಳಲ್ಲಿ ಗುಂಡು ಗುಂಡಾದ ಹಸಿರು ದ್ರಾಕ್ಷಿ. ಬೂಟು ಹಾಕಿದ ಕಾಲಲ್ಲಿ ಓಡಿಬಂದವರೇ ಕೇಕಿನ ಚಾಕು ಕಸಿದುಕೊಂಡು, ಅಲ್ಲೇ ನಿಂತು ಒಂದೊಂದು ಹಣ್ಣನ್ನೂ ಉದ್ದುದ್ದಕ್ಕೆ ಸೀಳಿದರು. ಅಡ್ಡಡ್ಡ ಕತ್ತರಿಸಿದರೂ ಪ್ರಯೋಜನವಿಲ್ಲ, ಅದು ಮಗುವಿನ ಗಂಟಲಿಗೆ ಬಿರಡೆಯ ಹಾಗೆ ಕೂರುತ್ತದೆ, ಐದು ವರ್ಷದವರೆಗೆ ಉದ್ದಕ್ಕೇ ಸೀಳಿ ಕೊಡಬೇಕು ಎಂದು ಎಲ್ಲ ತಾಯಂದಿರಿಗೂ ಕೇಳುವಂತೆ ಹೇಳಿದರು. ಕೇಕಿಗೆ ಆಮೇಲೆ ದ್ರಾಕ್ಷಿಯ ವಾಸನೆ ಬಂತು.

ಇಷ್ಟೆಲ್ಲ ಆದರೂ ಅವರು ನನ್ನ ಪಾಲಿಗೆ ಆವರೆಗೂ ಒಬ್ಬ ತಮಾಷೆಯ ನೆರೆಯವರು ಅಷ್ಟೆ. ಅವರೇನೆಂದು ಗೊತ್ತಾದದ್ದು ಎರಡು ವರ್ಷದ ಹಿಂದಿನ ಚಳಿಗಾಲದಲ್ಲಿ, ಅಮ್ಮ ಬಚ್ಚಲುಮನೆಯಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಾಗ.

ಆಪರೇಷನ್ ಚೆನ್ನಾಗಿ ಆಯಿತು. ಮನೆಗೆ ಬಂದ ಮೇಲೆ ಅಮ್ಮ ಊಟ ಬಿಟ್ಟರು. ಹಟವಲ್ಲ, ಸಿಟ್ಟಲ್ಲ, ಬಾಯಿಗೆ ರುಚಿಯಿಲ್ಲ ಎನ್ನುತ್ತಿದ್ದರು, ಅಷ್ಟೆ. ಎಂಬತ್ತರ ಹತ್ತಿರದ ಜೀವ, ಸಕ್ಕರೆ ಕಾಯಿಲೆ ಬೇರೆ. ಹೀಗೇ ಇದ್ದರೆ ಮಾಂಸ ಕರಗುತ್ತದೆ, ಆಮೇಲೆ ಎದ್ದು ನಡೆಯುವುದು ಕಷ್ಟ ಎಂದು ಡಾಕ್ಟರು ಹೇಳಿದರು. ನಾನು ರಜೆ ಹಾಕಿ ಯುದ್ಧಕ್ಕೆ ಇಳಿದೆ. ಪ್ರೋಟೀನ್ ಪುಡಿಗಳನ್ನು ತಂದೆ. ಪ್ರತಿ ಎರಡು ಗಂಟೆಗೆ ಅಲಾರಂ. ಅಮ್ಮನ ಕುತ್ತಿಗೆಗೆ ಕರವಸ್ತ್ರ ಕಟ್ಟಿ, ಚಮಚದಲ್ಲಿ ಗಂಜಿ ಎತ್ತಿ, “ಅಮ್ಮ, ಇದೊಂದು, ಇದೊಂದೇ,” ಎನ್ನುತ್ತ ಎದುರಿಗೆ ಕೂರುತ್ತಿದ್ದೆ. ಹಣ್ಣುಗಳನ್ನು, ಸಕ್ಕರೆ ಏರುತ್ತದೆಂದು, ಮನೆಯಿಂದಲೇ ಗಡಿಪಾರು ಮಾಡಿದ್ದೆ. ಆಗ ಕಾಲೇಜಿನಲ್ಲಿದ್ದ ನನ್ನ ಮಗಳು “ಅಪ್ಪಾ, ಅಜ್ಜಿ ಕೋ ಸಾಸ್ ತೋ ಲೇನೇ ದೋ,” ಎಂದು ಒಂದು ದಿನ ಕೋಣೆಯಿಂದ ಎದ್ದು ಹೋದಳು. ಉಸಿರಾಡಲಾದರೂ ಬಿಡಿ ಎಂದು. ಮಕ್ಕಳಿಗೇನು ಗೊತ್ತು ಎಂದುಕೊಂಡೆ.

ಮೇಡಂ ನೋಡಲು ಬಂದರು. ಅಮ್ಮನನ್ನು ಹೇಗಿದ್ದೀರಿ ಎಂದು ಒಂದು ಮಾತು ಕೇಳಿ, ನೇರವಾಗಿ ಅಡುಗೆಮನೆಗೆ ನಡೆದು ಸಿಂಕಿನಲ್ಲಿದ್ದ ತಟ್ಟೆಯ ಮುಂದೆ ನಿಂತರು. ಮರುದಿನವೂ ಬಂದರು, ಮೂರನೆಯ ದಿನವೂ. ಮೂರನೆಯ ದಿನ ನನ್ನನ್ನು ಬಾಲ್ಕನಿಗೆ ಕರೆದು, ಗಂಜಿ ಹಾಗೇ ಇದೆ, ಪುಡಿ ಕಲೆಸಿದ ಹಾಲು ಹಾಗೇ ಇದೆ, ಆದರೆ ತಟ್ಟೆಯ ಅಂಚಿನಲ್ಲಿಟ್ಟಿದ್ದ ಉಪ್ಪಿನಕಾಯಿಯ ಚೂರು ಮೂರು ದಿನವೂ ಇಲ್ಲ, ಗಮನಿಸಿದ್ದೀರಾ ಎಂದರು. ಉಪ್ಪಿನಕಾಯಿಯಲ್ಲಿ ಉಪ್ಪು ಜಾಸ್ತಿ, ನಾಳೆಯಿಂದ ಅದನ್ನೂ ನಿಲ್ಲಿಸುತ್ತೇನೆ ಎಂದೆ. ಅವರು ಬಾಲ್ಕನಿಯ ಬಾಗಿಲು ಎಳೆದುಕೊಂಡು ಹೇಳಿದರು.

“ಅದೊಂದನ್ನೇ ಅವರು ತಮ್ಮ ಕೈಯಾರೆ ತಗೊಳ್ತಾ ಇರೋದು. ಹಸಿವು ಸತ್ತಿಲ್ಲಪ್ಪ. ಊಟ ಅವರ ಕೈ ತಪ್ಪಿ ನಿಮ್ಮ ಕೈ ಸೇರಿದೆ.”

ಮರುದಿನ ಸಂಜೆ ನಾಲ್ಕಕ್ಕೆ ಒಂದು ಗೊಂಚಲು ಕಪ್ಪು ದ್ರಾಕ್ಷಿಯನ್ನು ತೊಳೆದು ತಂದರು. ನನ್ನನ್ನು ಕೋಣೆಯಿಂದ ಹೊರಗೆ ಹಾಕಿದರು. ಬಾಗಿಲ ಸಂದಿಯಿಂದ ನಾನು ಕಂಡದ್ದನ್ನು ಹೇಳುತ್ತೇನೆ. ಅಮ್ಮನ ತೊಡೆಯ ಮೇಲೆ ಒಂದು ಹಿಂದಿ ಪೇಪರು ಹಾಸಿ, ಅದರ ಮೇಲೆ ಗೊಂಚಲನ್ನಿಟ್ಟು, ನನಗೆ ಕಣ್ಣು ಮಂಜು, ಕೆಟ್ಟದ್ದು ಯಾವುದು ಒಳ್ಳೇದು ಯಾವುದು ತಿಳಿಯಲ್ಲ, ಸ್ವಲ್ಪ ಬಿಡಿಸಿ ಕೊಡಿ ಎಂದು ಕೇಳಿದರು. ತಿನ್ನಿ ಎಂದು ಹೇಳಲೇ ಇಲ್ಲ. ಅಮ್ಮ ಜೀವಮಾನವಿಡೀ ಬೇಳೆ ಆರಿಸಿದವರು, ಸೊಪ್ಪು ಬಿಡಿಸಿದವರು. ಬೆರಳುಗಳು ತಾವಾಗಿಯೇ ಕೆಲಸಕ್ಕೆ ಇಳಿದವು. ಮೆತ್ತಗಾದದ್ದನ್ನು ಒಂದು ಕಡೆ, ಗಟ್ಟಿಯದ್ದನ್ನು ಒಂದು ಕಡೆ. ನಡುವೆ ಒಂದು ಹಣ್ಣನ್ನು ಎತ್ತಿ ಬಾಯಿಗೆ ಹಾಕಿಕೊಂಡರು.

“ಹುಳಿ ಇದೆಯೋ ಏನೋ ನೋಡ್ಬೇಕಲ್ರೀ,” ಎಂದರು ಅಮ್ಮ.

“ನೋಡಿ ಮತ್ತೆ,” ಎಂದರು ಮೇಡಂ, ಕಿಟಕಿಯ ಹೊರಗೆ ಏನೋ ಕಂಡವರ ಹಾಗೆ ಆ ಕಡೆ ತಿರುಗಿ.

ಅವತ್ತು ಅಮ್ಮ ಒಂದು ಮುಷ್ಟಿಯಷ್ಟು ಹುಳಿ ನೋಡಿದರು. ನಾನು ಆ ಕಡೆ ಸಂತೋಷ ಪಡಬೇಕೋ ಈ ಕಡೆ ಸಕ್ಕರೆ ಮೀಟರು ತರಬೇಕೋ ತಿಳಿಯದೆ ಬಾಗಿಲ ಹೊರಗೆ ನಿಂತಿದ್ದೆ. ಸಕ್ಕರೆ ಕಾಯಿಲೆಯವರಿಗೆ ದ್ರಾಕ್ಷಿ ವಿಷವಲ್ಲ, ಊಟದ ಲೆಕ್ಕದ ಒಳಗೆ ಬರಬೇಕು ಅಷ್ಟೆ, ಜೊತೆಗೆ ನಾಲ್ಕು ಬಾದಾಮಿಯೋ ಸ್ವಲ್ಪ ಮೊಸರೋ ಇದ್ದರೆ ಸಕ್ಕರೆ ಒಮ್ಮೆಗೇ ಏರುವುದಿಲ್ಲ ಎಂದು ಮೇಡಂ ಹೋಗುವಾಗ ಹೇಳಿದರು. ಆ ವಾರವೇ ನಾನು ದ್ರಾಕ್ಷಿಯಲ್ಲಿ ವಿಟಮಿನ್ ಕೆ ಇರುವುದನ್ನೂ ಅಮ್ಮ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿರುವುದನ್ನೂ ಜೋಡಿಸಿ ಹೊಸದೊಂದು ಗಾಬರಿ ತಯಾರಿಸಿ ಒಯ್ದೆ. ಅದಕ್ಕೆ ಅವರು ನಗಲಿಲ್ಲ. ಒಂದು ಮುಷ್ಟಿಯಲ್ಲಿ ಇರುವುದು ಸ್ವಲ್ಪ, ದಿನಾ ಒಂದೇ ಸಮ ತಿನ್ನುವುದು ಮುಖ್ಯ, ಆದರೂ ಇದು ಕೇಳಬೇಕಾದ ಪ್ರಶ್ನೆ, ನಿಮ್ಮ ಡಾಕ್ಟರಿಗೆ ಒಂದು ಮಾತು ಹೇಳಿ ಎಂದರು. ಡಾಕ್ಟರೂ ಅದನ್ನೇ ಹೇಳಿದರು. ನನ್ನ ಜೀವನದಲ್ಲಿ ಸರಿಯಾಗಿ ಚಿಂತೆ ಮಾಡಿದ್ದೇನೆಂದು ಯಾರಾದರೂ ಒಪ್ಪಿದ್ದು ಅದೊಂದೇ ಸಲ.

ದ್ರಾಕ್ಷಿ ಅಮ್ಮನನ್ನು ಎಬ್ಬಿಸಿ ನಡೆಸಿತು ಎಂದರೆ ಮೇಡಂ ಕೆಂಪು ಪೆನ್ನು ತೆಗೆಯುತ್ತಾರೆ. ಎಬ್ಬಿಸಿದ್ದು ಬೇಳೆ, ಮೊಸರು, ಮೊಟ್ಟೆಯಿಲ್ಲದ ಮನೆಯಲ್ಲಿ ಪನೀರು, ದಿನಾ ಬರುತ್ತಿದ್ದ ಫಿಸಿಯೋ ಹುಡುಗಿ. ಆದರೆ ದ್ರಾಕ್ಷಿ ಬಿಡಿಸಿದ ಕೈ ಮಾರನೆಯ ವಾರ ಬಟಾಣಿ ಸುಲಿಯಿತು, ಸುಲಿಯುತ್ತ ತಿಂದಿತು, ಅದರ ಮಾರನೆಯ ವಾರ ತಾನೇ ತಟ್ಟೆ ಎಳೆದುಕೊಂಡಿತು. ನಾನು ಚಮಚವನ್ನು ಡ್ರಾಯರಿಗೆ ವಾಪಸು ಹಾಕಿದೆ. ಏಪ್ರಿಲ್ ಹೊತ್ತಿಗೆ ಅಮ್ಮ ವಾಕರ್ ಹಿಡಿದು ಬಾಲ್ಕನಿಯವರೆಗೆ ನಡೆದರು.

ಆ ನಾಲ್ಕು ಗಂಟೆಯ ಸಭೆ ಮಾತ್ರ ನಿಲ್ಲಲಿಲ್ಲ. ದ್ರಾಕ್ಷಿಯ ಕಾಲ ಮುಗಿದಾಗ ಮೇಡಂ ನೆನೆಸಿದ ಒಣದ್ರಾಕ್ಷಿ ತರುತ್ತಿದ್ದರು. ಇದೂ ಅದೇ ಹಣ್ಣು, ನೀರನ್ನು ಮಾತ್ರ ಬಿಟ್ಟು ಬಂದಿದೆ, ಅದಕ್ಕೇ ಮುಷ್ಟಿಯಲ್ಲ, ಚಿಟಿಕೆ ಎಂದು ಅಮ್ಮನ ಅಂಗೈಗೆ ಏಳೋ ಎಂಟೋ ಹಾಕುತ್ತಿದ್ದರು. ಅಮ್ಮ ಜಿಪುಣಿ ಎಂದು ಬಯ್ಯುತ್ತಿದ್ದರು. ಇಬ್ಬರೂ ಏನು ಮಾತಾಡುತ್ತಿದ್ದರೆಂದು ನನಗೆ ಗೊತ್ತಿಲ್ಲ. ಒಮ್ಮೆ ಮಾತ್ರ ಕಿವಿಗೆ ಬಿತ್ತು. ಮೇಡಂ ಹೇಳುತ್ತಿದ್ದರು, “ನಾನು ಹೃದಯ ನಿಂತು ಹೋದ್ರೆ ದ್ರಾಕ್ಷಿ ಮೇಲೆ ಹೊರಿಸಬೇಡಿ. ಎಲ್ಲರದ್ದೂ ಒಂದಲ್ಲ ಒಂದು ದಿನ ನಿಲ್ಲುತ್ತೆ.”

ಅವರದ್ದು ಫೆಬ್ರವರಿಯ ಮೊದಲಲ್ಲಿ ನಿಂತಿತು. ಬೆಳಿಗ್ಗೆ ಹಾಲಿನವನು ಬೆಲ್ ಒತ್ತಿದಾಗ ಬಾಗಿಲು ತೆರೆಯಲಿಲ್ಲ. ಗಾಡಿಯ ಭಯ್ಯಾ ಆ ವರ್ಷದ ಮೊದಲ ದ್ರಾಕ್ಷಿಯನ್ನು ಇನ್ನೂ ತಂದಿರಲಿಲ್ಲ. ಅಷ್ಟೊಂದು ದ್ರಾಕ್ಷಿ ತಿಂದೂ ಹೃದಯವೇ ಹೋಯಿತಲ್ಲ ಎಂದು ಸೆಕ್ರೆಟರಿ ಸಾಹೇಬರು ಸಾಂತ್ವನದ ದನಿಯಲ್ಲಿ ಹೇಳಿದಾಗ, ಇದಕ್ಕೆ ಉತ್ತರವನ್ನು ಅವರೇ ಕೊಟ್ಟು ಹೋಗಿದ್ದಾರೆ ಎಂದೆ.

ಅಮ್ಮ ಅಳಲಿಲ್ಲ. ನಾಲ್ಕು ಗಂಟೆಗೆ ಬಾಗಿಲ ಕಡೆ ನೋಡುತ್ತಿದ್ದರು, ಅಷ್ಟೆ. ರಾತ್ರಿ ನಾನು ನೆನೆಸಿಟ್ಟ ಒಣದ್ರಾಕ್ಷಿ ಉಬ್ಬಿ ಉಬ್ಬಿ ಬಟ್ಟಲಿನಲ್ಲೇ ಹುಳಿಯಿತು. ಚಪಾತಿ ಅರ್ಧ, ಆಮೇಲೆ ಕಾಲು. ಬಾಯಿಗೆ ರುಚಿಯಿಲ್ಲ ಎಂಬ ಮಾತು ಮತ್ತೆ ಕೇಳಿತು. ನನಗೆ ಎಲ್ಲ ಪಾಠವೂ ಗೊತ್ತಿತ್ತಲ್ಲ; ನಾನೂ ಒಂದು ಗೊಂಚಲು ತಂದು, ಪೇಪರು ಹಾಸಿ, ಬಿಡಿಸಿ ಕೊಡಿ ಎಂದೆ. ಅಮ್ಮ ನನ್ನ ಮುಖ ನೋಡಿ, “ನಿನಗೇನೋ ಕಣ್ಣು ಮಂಜು?” ಎಂದು ಗೊಂಚಲನ್ನು ಪಕ್ಕಕ್ಕಿಟ್ಟರು. ನಾನು ಡ್ರಾಯರು ತೆರೆದು ಚಮಚ ತೆಗೆದೆ.

ಹೀಗೆ ಆ ಭಾನುವಾರ ಬಂತು. ಬೆಳಗಿನಿಂದ ಏನೂ ತಿನ್ನದೆ ನಾನು ದ್ರಾಕ್ಷಿ ತೊಳೆದೆ, ಆರಿಸಿದೆ, ಅರವತ್ತು ಪೇಪರ್ ಬಟ್ಟಲು ತುಂಬಿಸಿದೆ. ಒಂದೊಂದರಲ್ಲೂ ಒಂದು ಮುಷ್ಟಿ, ನನ್ನ ಮುಷ್ಟಿ. ಸಣ್ಣ ಮಕ್ಕಳದ್ದು ಉದ್ದಕ್ಕೆ ಸೀಳಿ ಬೇರೆ ಇಟ್ಟೆ. ಎಲ್ಲದರ ಮೇಲೆ ಮುಚ್ಚಳ, ಯಾರೂ ಕೈ ಹಾಕಬಾರದೆಂದು ಒಂದೊಂದು ಮರದ ಚಮಚ. ಇಷ್ಟಾಗಿ ಕೊನೆಗೆ ಒಂದು ಒಳ್ಳೆಯ ಕಪ್ಪು ಗೊಂಚಲು ಉಳಿಯಿತು. ಅದನ್ನು ಒಂದು ಡಬ್ಬಿಯಲ್ಲಿಟ್ಟು ಹಾಲ್‌ನ ಮೇಜಿನ ಕೆಳಗೆ ಸರಿಸಿದೆ. ಎಲ್ಲ ಮುಗಿದ ಮೇಲೆ, ಏನೂ ಅನಾಹುತವಾಗದಿದ್ದರೆ, ಒಬ್ಬನೇ ಕುಳಿತು ತಿನ್ನುವುದೆಂದು. ಬಟ್ಟಲುಗಳ ಸಾಲು ನೋಡಿ ನನಗೇ ಹೆಮ್ಮೆಯಾಯಿತು. ಅದರಲ್ಲಿ ಏನು ತಪ್ಪಿದೆ ಎಂದು ಮೇಡಂ ಒಂದು ನೋಟದಲ್ಲಿ ಹೇಳಿಬಿಡುತ್ತಿದ್ದರು.

ನಾಯಿಯನ್ನು ಸಾಹೇಬರು ಮನೆಯಲ್ಲೇ ಬಿಟ್ಟು ಬಂದಿದ್ದರು. ಮೈಕು ಕೆಲಸ ಮಾಡಿತು. ಅಮ್ಮ ಹೊಸ್ತಿಲನ್ನು ನನಗಿಂತ ಚೆನ್ನಾಗಿ ದಾಟಿದರು. ಮೊದಲ ಸಾಲಿನಲ್ಲಿ ಕೂರಿಸಿ, ಅವರ ಕೈಗೆ ಬಟ್ಟಲು ಕೊಟ್ಟು, ನಾನು ಮಾತಾಡಲು ಎದ್ದೆ. ಹಿಂದಿಯಲ್ಲಿ ಸಿದ್ಧಪಡಿಸಿಕೊಂಡಿದ್ದ ಮಾತಿನ ಎರಡನೆಯ ವಾಕ್ಯದಲ್ಲಿದ್ದಾಗ ಅಮ್ಮ ಮುಚ್ಚಳ ತೆಗೆದು, ಚಮಚವನ್ನು ಎತ್ತಿ ನೋಡಿ, ಎಲ್ಲವನ್ನೂ ಪಕ್ಕದ ಕುರ್ಚಿಯ ಮೇಲೆ ಇಟ್ಟದ್ದು ಕಾಣಿಸಿತು. ನನ್ನ ಮೂರನೆಯ ವಾಕ್ಯ ಎಲ್ಲಿಗೋ ಹೋಯಿತು. ಅಷ್ಟರಲ್ಲಿ ಅಮ್ಮ, ಪಿಸುಮಾತೆಂದು ತಾವು ತಿಳಿದ ದನಿಯಲ್ಲಿ, ನನ್ನ ಮಗಳನ್ನು ಕೇಳಿದರು.

“ಇದೇನೇ ಇದು, ಆಸ್ಪತ್ರೆ ಹಾಗೆ ಚಮಚ? ಗೊಂಚಲು ಇಲ್ವಾ?”

ನಾನು ಡಬ್ಬಿ ಅಡಗಿಸಿದ್ದನ್ನು ಕಂಡಿದ್ದ ಮಗಳು ಮೇಜಿನ ಕೆಳಗೆ ಕೈ ಹಾಕಿದಳು. ನಾನು ಬೇಡವೆಂದು ಕಣ್ಸನ್ನೆ ಮಾಡುವುದರೊಳಗೆ ಡಬ್ಬಿ ಹೊರಗೆ ಬಂದಿತ್ತು. ಯಾರೋ ಒಂದು ಪೇಪರು ಕೊಟ್ಟರು. ಅಮ್ಮ ಅದನ್ನು ತೊಡೆಯ ಮೇಲೆ ಹಾಸಿ ಗೊಂಚಲನ್ನಿಟ್ಟುಕೊಂಡರು. ಮೂರನೆಯ ಮಹಡಿಯ ಆ ಎರಡು ವರ್ಷದ ಮಗು ಬಂದು ಎದುರಿಗೆ ನಿಂತು ಅಂಗೈ ಚಾಚಿತು. ಅಮ್ಮ ಒಂದು ಹಣ್ಣು ಕಿತ್ತು, ಉಗುರಿನಿಂದ ಉದ್ದಕ್ಕೆ ಸೀಳಿ, ಎರಡು ಹೋಳು ಮಾಡಿ ಕೊಟ್ಟರು. ಆಮೇಲೆ ಮಗುವಿನ ತಾಯಿ ಅಂಗೈ ಚಾಚಿದಳು. ಆಮೇಲೆ ಮೇಡಂ ಅವರ ತಂಗಿಯ ಮಗಳು. ಕೊಡುವ ಮೊದಲು ಅಮ್ಮ ತಾವೊಂದು ಬಾಯಿಗೆ ಹಾಕಿಕೊಂಡರು. ಹುಳಿ ನೋಡಬೇಕಲ್ಲ. ಆಮೇಲೆ ಇನ್ನೊಂದು. ಸೆಕ್ರೆಟರಿ ಸಾಹೇಬರೂ ತಮ್ಮ ಬಟ್ಟಲನ್ನು ಬಿಟ್ಟು ಸಾಲಿನಲ್ಲಿ ನಿಂತರು. ನಾನು ಮೈಕು ಕೆಳಗಿಟ್ಟೆ. ಆ ಹೊತ್ತಿಗೆ ನನ್ನ ಮಾತು ಯಾರಿಗೂ ಬೇಕಿರಲಿಲ್ಲ, ನನಗೂ.

ಹನ್ನೆರಡೂವರೆಗೆ ಎಲ್ಲರೂ ಹೋದರು. ಕುರ್ಚಿಗಳನ್ನು ಜೋಡಿಸಿ ಅಮ್ಮನ ಬಳಿ ಬಂದಾಗ ನನ್ನ ಹೊಟ್ಟೆ ಚುರುಗುಟ್ಟುತ್ತಿತ್ತು. ಅಮ್ಮ ಪೇಪರು ಮಡಚಿ ನನ್ನ ಕೈಗಿಟ್ಟರು.

“ನಿನಗೆ ತೆಗೆದಿಡೋದು ಮರೆತೇಹೋಯ್ತು ಕಣೋ.”

ಪೇಪರು ಬಿಡಿಸಿದೆ. ಗೊಂಚಲಿನ ಕಡ್ಡಿ ಮಾತ್ರ ಇತ್ತು, ಒಂದೊಂದು ತುದಿಯಲ್ಲೂ ಒಂದು ಒದ್ದೆ ಚುಕ್ಕೆ. ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುಗಿಸಿ ತುಂಬ ಹೊತ್ತು ನೋಡಿದೆ. ನನ್ನ ಭಯಗಳ ಅಷ್ಟುದ್ದದ ಪಟ್ಟಿಯಲ್ಲಿ ಸೇರಿಸದೆ ಬಿಟ್ಟಿದ್ದ ಒಂದೇ ಒಂದು ಅನಾಹುತ ಆಗಿಹೋಗಿತ್ತು: ಆ ಗೊಂಚಲಿನಲ್ಲಿ ನನ್ನ ಪಾಲಿಗೆ ಒಂದೂ ಹಣ್ಣು ಉಳಿದಿರಲಿಲ್ಲ.